ಕರುಣಪ್ಪ ಮುಟ್ಟದ ಬಟ್ಟಲು

ಮಾತು ಕೊಟ್ಟವನು ಉಳಿದು, ಮಾತು ಇಸಿದುಕೊಂಡವನು ಸತ್ತರೆ ಆ ಮಾತಿನ ಗತಿ ಏನು? ಅದೂ ಅವನ ಜೊತೆ ಮಣ್ಣಿಗೆ ಹೋಗುತ್ತದೆಯೋ, ಉಳಿದವನ ಕೊರಳಿಗೇ ಜೋತು ಬೀಳುತ್ತದೆಯೋ? ಅಥವಾ ಮಾತು ಕೊಟ್ಟಿದ್ದೆ ಅನ್ನುವುದೇ ಒಂದು ನೆಪವೋ? ಗಂಟೆಯ ಹಗ್ಗ ಹಿಡಿದು ನಿಂತಿದ್ದ ಸಮುವೇಲಪ್ಪನಿಗೆ ತಿಳಿಯಲಿಲ್ಲ. ಬಾಯಲ್ಲಿದ್ದ ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿದ. ಹಗ್ಗ ಜಗ್ಗಿದ.

ಇಳಕಲ್ಲಿನ ಆ ಸಣ್ಣ ಕ್ರೈಸ್ತ ದೇವಾಲಯದ ಗಂಟೆ ಒಂದು ಸಲ ಢಣ್ ಎಂದಿತು.

"ಹಗ್ಗ ಬಿಡ್ರಿ, ಸಮುವೇಲಪ್ಪ!" ಸಭೆಯ ಇನ್ನೊಬ್ಬ ಹಿರಿಯ ದಾನೇಲಪ್ಪ ಅಂಗಳದಿಂದಲೇ ಕೂಗುತ್ತ ಬಂದ. "ಯಾರು ಹೇಳಿದ್ರು ನಿಮಗ ಬಾರಿಸಂತ?"

"ಸಭೆಯಾಂವ ಸತ್ತಾನ. ಎಷ್ಟು ವಯಸ್ಸೋ ಅಷ್ಟು ಪೆಟ್ಟು ಬಾರಿಸೂದು ನಮ್ಮ ಪದ್ಧತಿ. ಕರುಣಪ್ಪಗ ಐವತ್ತಾರು."

"ಸಭೆಯಾಂವ ಹೆಂಗಾದ? ಹದಿಮೂರು ವರ್ಷದಿಂದ ಕರ್ತನ ಭೋಜನಕ್ಕ ಹೊರಗದಾನ. ಗಂಟಿ ಇಲ್ಲ, ದೇವಾಲಯದಾಗ ಪ್ರಾರ್ಥನಿ ಇಲ್ಲ. ಮನಿಯಿಂದ ಸೀದಾ ಮಣ್ಣಿಗೆ. ಸ್ಮಶಾನದ ಬೇಲಿ ಕಡಿಗೆ ಕುಣಿ ತೋಡಿಸೇನಿ."

"ಬೇಲಿ ಕಡಿಗೆ ಬರೇ ಜಾಲಿ ಮುಳ್ಳು ಅದಾವಲ್ರಿ."

"ಸತ್ತಾಂವಗ ಮುಳ್ಳು ಚುಚ್ಚತಾವೇನು?" ದಾನೇಲಪ್ಪ ನಕ್ಕ.

ಸಮುವೇಲಪ್ಪನ ಮೈ ಉರಿಯಿತು. ಆದರೂ ಹಗ್ಗ ಬಿಟ್ಟ.

*

ಇಳಕಲ್ಲ ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಕೈ ನಡುಗಿದರೆ ಆ ಕೆಲಸ ಆಗದು. ನೇಕಾರ ಕರುಣಪ್ಪ ಕುಡಿಯುತ್ತಿದ್ದ ಕಾಲಕ್ಕೆ ಹೆಂಡತಿ ಶಾಂತವ್ವನೇ ಎಳೆ ಕೂಡಿಸಿ ಕೊಡುತ್ತಿದ್ದಳು. ಎಪ್ಪತ್ತೆರಡನೇ ಇಸವಿಯಲ್ಲಿ ಒಂದು ಮುಂಜಾನೆ ಆರು ವರ್ಷದ ಮಗಳು ಮಗ್ಗದ ಕುಣಿಗೆ ಇಳಿದು, ಅಪ್ಪನ ನಡುಗುವ ಕೈಯನ್ನು ತನ್ನೆರಡೂ ಕೈಯಿಂದ ಒತ್ತಿ ಹಿಡಿದು, "ಈಗ ಕೂಡಸಪ್ಪಾ" ಎಂದಿತು. ಅವತ್ತಿಗೆ ಕರುಣಪ್ಪ ಸಾರಾಯಿ ಬಿಟ್ಟ. ನಾಕು ತಿಂಗಳಿಗೆ ಬೆರಳು ನೆಟ್ಟಗಾದವು.

ಆಮೇಲೆ ಬಂದ ಕರ್ತನ ಭೋಜನದ ಭಾನುವಾರ ಅವನು ಎಲ್ಲರ ಸಾಲಿನಲ್ಲಿ ಮೊಣಕಾಲೂರಿದ. ರೊಟ್ಟಿಯ ತುಣುಕನ್ನು ಕಣ್ಣಿಗೊತ್ತಿ ತಿಂದ. ಆ ವರ್ಷವಷ್ಟೇ ಹಿರಿಯನಾಗಿದ್ದ ಸಮುವೇಲಪ್ಪ ಬಟ್ಟಲನ್ನು ಅವನ ತುಟಿಯ ಹತ್ತಿರ ತಂದ. ಕರ್ತನ ರಕ್ತವೆಂದು ಎಲ್ಲರೂ ಗುಟುಕರಿಸುವ, ಹುಬ್ಬಳ್ಳಿಯಿಂದ ತರಿಸಿದ ದ್ರಾಕ್ಷಾರಸ. ಹುಳಿತ ಕಟು ವಾಸನೆ. ನೆಟ್ಟಗಾಗಿದ್ದ ಬೆರಳುಗಳು ಮತ್ತೆ ನಡುಗಿದವು. ಕರುಣಪ್ಪ ಮುಖ ತಿರುಗಿಸಿದ.

ರೊಟ್ಟಿ ತಿಂದು ಬಟ್ಟಲು ಬಿಟ್ಟವನನ್ನು ಆ ಸಭೆ ಎಂದೂ ಕಂಡಿರಲಿಲ್ಲ. ಒಳಗೆ ದೊಡ್ಡ ಪಾಪ ಇಟ್ಟುಕೊಂಡವನೇ ಕರ್ತನ ರಕ್ತಕ್ಕೆ ಅಂಜಬೇಕು ಎಂದು ಎಲ್ಲರೂ ತಿಳಿದರು. ಆಗಿನ ಪಾದ್ರಿ ಅಯ್ಯನವರು ಅವನನ್ನು ಸಭೆಯ ಮುಂದೆ ನಿಲ್ಲಿಸಿ ಕೇಳಿದರು: "ಏನು ಪಾಪ ಮಾಡೀ? ಒಪ್ಪಿಕೋ." ಅವನು ನಿಂತ. ನೆಲ ನೋಡಿದ. ಒಂದು ಮಾತೂ ಆಡಲಿಲ್ಲ. ರಿಜಿಸ್ಟರಿನಲ್ಲಿ ಅವನ ಹೆಸರಿನ ಮೇಲೆ ಗೆರೆ ಬಿತ್ತು.

ಅಲ್ಲಿಂದ ಹದಿಮೂರು ವರ್ಷ ಒಂದು ಭಾನುವಾರವೂ ತಪ್ಪದೆ ಬಂದು, ಜನ ಚಪ್ಪಲಿ ಬಿಡುವ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತ. ಒಳಗೊಳಗೇ ಕುಡಿಯುತ್ತಾನೆ ಎಂದರು. ಬಾದಾಮಿಯಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂದರು. ಅದೇ ಮಗಳ ಮದುವೆಗೆ ದೇವಾಲಯ ಕೊಡಲಿಲ್ಲ. ಮನೆಯ ಮುಂದೆ ಹಂದರ ಹಾಕಿ ಮಾಡಿದ.

*

ಕರುಣಪ್ಪನ ಮನೆಯ ಕಟ್ಟೆಯ ಮೇಲೆ ಶವದ ಪೆಟ್ಟಿಗೆ ಇಟ್ಟಿದ್ದರು. ಬೇಲಿಯ ಸುದ್ದಿ ಆಗಲೇ ಮುಟ್ಟಿತ್ತು. ಈಗಿನ ಅಯ್ಯನವರು ಬರುತ್ತಲೇ ಶಾಂತವ್ವ ಎದ್ದು ನಿಂತಳು. ಅಳು ಎಲ್ಲೋ ಹೋಗಿತ್ತು.

"ಇವ್ರನ್ನ ಬೇಲಿಗೆ ಒಗೀತೀರಂತ. ಖರೆ ಏನ್ರಿ?"

"ಒಗಿಯೂದಲ್ಲ, ತಾಯಿ. ನಾ ಬಂದು ಎರಡು ವರ್ಷ ಆತು. ಹಿಂದಿನವರು ರಿಜಿಸ್ಟರಿನ್ಯಾಗ ಗೆರಿ ಹೊಡದಾರ. ಕಾರಣ ಗೊತ್ತಿಲ್ಲದ ನಾ ಹೆಂಗ ಅಳಸಲಿ?"

"ಕಾರಣ ನನಗೂ ಹೇಳಲಿಲ್ಲ ಅವರು. ಕೇಳಿದ್ರ, ಅದು ನಂದೂ ನನ್ನ ಕರ್ತಂದೂ ಅಂತಿದ್ರು. ಆದ್ರ ನೀವೆಲ್ಲಾ ಬಟ್ಟಲಾ ಮುಟ್ಟಿ, ಹೊರಗ ಬಂದು ಚಾದಂಗಡ್ಯಾಗ ಕುಂತು ಅವರನ್ನ ಆಡಿಕೊಂಡ್ರಲ್ಲಾ, ಅದಕ್ಕ ಯಾವ ರಿಜಿಸ್ಟರಿನ್ಯಾಗ ಗೆರಿ ಹೊಡದೀರಿ?"

"ಹೆಂಗಸರು ಸುಮ್ನಿದ್ರ ಚಂದ," ಎಂದ ದಾನೇಲಪ್ಪ.

ಪಕ್ಕದ ಮನೆಯ ಗುಲಾಬಬಿ ಎದ್ದಳು. ಇಪ್ಪತ್ತು ವರ್ಷದಿಂದ ಕರುಣಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಟ್ಟವಳು. "ನಿಮ್ಮ ದೇವರ ಮನಿ ಬಾಗಲಾ ಅಷ್ಟು ಸಣ್ಣದೈತೇನ್ರಿ? ಒಂದು ಹೆಣ ಹಿಡಿಯೂದಿಲ್ಲೇನು?"

"ಇದು ನಮ್ಮ ಸಭೆ ಮಾತು. ನಿನಗ್ಯಾಕ ಬೇಕವ್ವಾ?" ದಾನೇಲಪ್ಪ ಗದರಿದ.

"ಯಾಕ ಅಂದ್ರ ದಿನಾ ಅವನ ಮಗ್ಗದ ಮುಂದ ಕುಂತಾಕಿ ನಾ. ಹದಿಮೂರು ವರ್ಷ ಕರುಣಪ್ಪಣ್ಣನ ಬಾಯಾಗ ಮಜ್ಜಿಗಿ ವಾಸನಿ ಬಿಟ್ರ ಇನ್ನೊಂದು ಬರಲಿಲ್ಲ. ಈಗ ನಿಮ್ಮ ಹಿರ್ಯಾರೆಲ್ಲಾ ಸಾಲಿಗೆ ನಿಲ್ಲಲಿ, ಬಾಯಿ ಮೂಸಿ ನೋಡತೇನಿ."

ಯಾರೋ ಕಿಸಕ್ಕನೆ ನಕ್ಕರು. ಸಮುವೇಲಪ್ಪ ಒಂದು ಹೆಜ್ಜೆ ಹಿಂದೆ ಸರಿದ.

*

ಹದಿಮೂರು ವರ್ಷದ ಹಿಂದೆ, ಗೆರೆ ಬಿದ್ದ ಮರುವಾರ, ಕರುಣಪ್ಪ, ಸಮುವೇಲಪ್ಪ ಇಬ್ಬರೂ ಹುನಗುಂದ ರಸ್ತೆಯಲ್ಲಿ ನಡೆದು ಬರುತ್ತಿದ್ದರು. ಮೊದಲು ಕದ್ದುಮುಚ್ಚಿ ಜೊತೆಗೆ ಹೋಗುತ್ತಿದ್ದ ಸಾರಾಯಿ ಅಂಗಡಿ ಬಂತು. ಇಬ್ಬರ ಹೆಜ್ಜೆಯೂ ತಡೆದವು. ಕರುಣಪ್ಪ ಪಂಚೆ ಎತ್ತಿ ಕಟ್ಟಿ, ಓಡುವವನ ಹಾಗೆ ದಾಟಿಹೋದ. ಸಮುವೇಲಪ್ಪ ಹತ್ತಿರ ಮುಟ್ಟುವ ಹೊತ್ತಿಗೆ ಅವನು ಬೇವಿನ ಗಿಡ ಹಿಡಿದು ಏದುತ್ತಿದ್ದ.

"ಬಟ್ಟಲಾ ಯಾಕ ಬಿಟ್ಟೆಲೇ?"

"ಆ ವಾಸನಿ ಮೂಗಿಗೆ ಬಡದ ಕೂಡ್ಲೆ ನಾ ದೇವಾಲಯದಾಗ ಇರಲಿಲ್ಲೋ, ಸಮುವೇಲಾ. ಈ ಅಂಗಡಿ ಬೆಂಚಿನ ಮ್ಯಾಲ ಇದ್ನಿ. ಕರ್ತನ ರಕ್ತ ನಾಲಿಗಿ ಮ್ಯಾಲ ಇಟಗೊಂಡು ಇನ್ನೊಂದು ಗುಟುಕು ಬೇಕು ಅನ್ನಲೇನು? ಒಂದು ಹನಿ ಬಿದ್ರ ಸಂಜಿಕ ಮತ್ತ ಇಲ್ಲೇ ಬಂದು ಕುಂದ್ರತೇನಿ."

"ಇದನ್ನ ಸಭೆ ಮುಂದ ಹೇಳಿದ್ರ ಮುಗೀತಿತ್ತಲ್ಲ."

"ಏನಂತ ಹೇಳಲಿ? ಕರ್ತನ ಬಟ್ಟಲಾ ನನಗ ಸಾರಾಯಿ ವಾಸನಿ ಹೊಡೀತೈತಿ ಅಂತ, ಅಷ್ಟು ಜನರ ಮುಂದ, ಆ ಶಿಲುಬಿ ಮುಂದ? ನನ್ನ ಹೆಸರು ಕೆಡಲಿ. ಕರ್ತನ ಬಟ್ಟಲಿಗೆ ಸಾರಾಯಿ ಹೆಸರು ಹಚ್ಚೂದು ಬ್ಯಾಡ. ನೀನೂ ಹೇಳಬ್ಯಾಡ, ಮಾತು ಕೊಡು."

ಸಮುವೇಲಪ್ಪ ಕೊಟ್ಟ. ಕೊಡುವುದು ಭಾಳ ಸುಲಭವಾಗಿತ್ತು.

*

"ಎತ್ತರಿನ್ನ. ಬಿಸಲಾತು," ಎಂದ ದಾನೇಲಪ್ಪ. ನಾಲ್ವರು ಪೆಟ್ಟಿಗೆಗೆ ಕೈ ಹಾಕಿದರು.

"ಕೆಳಗ ಇಡ್ರಿ!"

ಅಷ್ಟು ಜೋರಾಗಿ ಕೂಗಿದವನು ತಾನೇ ಎಂದು ತಿಳಿಯಲು ಸಮುವೇಲಪ್ಪನಿಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ಬೇವಿನ ಗಿಡದ ಕೆಳಗೆ ಕೇಳಿದ್ದನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಸಿಟ್ಟು ಏರಿತು. "ನಾವು ಬಟ್ಟಲಾ ಬರೇ ಕುಡದ್ವಿ. ಅದರ ಬೆಲಿ ಗೊತ್ತಿದ್ದಾಂವ ಅಂವ ಒಬ್ಬ. ಅವನ್ನ ಚಪ್ಪಲಿ ಪಕ್ಕ ಕುಂದ್ರಿಸಿದ್ವಿ!"

ನಾಲ್ವರೂ ಪೆಟ್ಟಿಗೆಯಿಂದ ಕೈ ತೆಗೆದರು. ಶಾಂತವ್ವ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕುಸಿದಳು.

"ಹದಿಮೂರು ವರ್ಷ ನೀವ್ಯಾಕ ಹೇಳಲಿಲ್ರಿ?" ಅಯ್ಯನವರು ಮೆಲ್ಲಗೆ ಕೇಳಿದರು.

"ಮಾತು ಕೊಟ್ಟಿದ್ನಿ."

ಅಯ್ಯನವರು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡರು. "ದಾನೇಲಪ್ಪನವರ, ಗುದ್ದಲಿ ತಗೊಂಡು ಹೋಗ್ರಿ. ನಡುವಿನ ಸಾಲಿನ್ಯಾಗ ಕುಣಿ ತೋಡಸ್ರಿ. ದೇವಾಲಯದ ಎರಡೂ ಬಾಗಲಾ ತಗೀರಿ."

ಮುಂಜಾನೆ ಒಂದು ಪೆಟ್ಟು ಆಗಿತ್ತು, ಉಳಿದದ್ದು ಐವತ್ತೈದು. ಒಂದೂ ತಪ್ಪದ ಹಾಗೆ ಸಮುವೇಲಪ್ಪನೇ ಬಾರಿಸಿದ.

ಮಣ್ಣಿನ ಹೊತ್ತಿಗೆ ಶಾಂತವ್ವ ಬಂದು ಅವನ ಎರಡೂ ಕೈ ಹಿಡಿದಳು. "ಗೆಳೆಯನ ಮಾತು ಇಷ್ಟು ವರ್ಷ ಕಾಯ್ದ್ರಿ, ಅಣ್ಣಾರ. ನಿಮ್ಮಂಥಾ ದೈವಭಕ್ತರು ಬಟ್ಟಲಾ ಹಿಡೀತೀರಿ ಅಂತನ ಈ ಸಭೆ ನಿಂತೈತಿ."

ಅವಳ ಹಿಡಿತದಲ್ಲಿ ಅವನ ಬೆರಳು ನಡುಗುತ್ತಿದ್ದವು. "ಹಗ್ಗ ಜಗ್ಗಿ ಜಗ್ಗಿ ಕೈ ಸೋತಾವ ನೋಡ್ರಿ ಪಾಪ," ಎಂದಳು.

ಸಮುವೇಲಪ್ಪ ಕೈ ಬಿಡಿಸಿಕೊಂಡ. ಬಾಯಲ್ಲಿದ್ದ ಲವಂಗವನ್ನು ಅಂಗೈಗೆ ಉಗುಳಿ, ಅದರ ಮೇಲೆ ಒಂದು ಹಿಡಿ ಕೆಂಪು ಮಣ್ಣು ತೆಗೆದುಕೊಂಡು, ಎರಡನ್ನೂ ಕೂಡಿಯೇ ಕುಣಿಗೆ ಹಾಕಿದ. ಹುನಗುಂದ ರಸ್ತೆಯ ಆ ಸಾರಾಯಿ ಅಂಗಡಿಯ ಬೆಂಚಿನ ಮೇಲೆ ತಾನು ನಿನ್ನೆಯೂ ಕೂತಿದ್ದೆ, ಹದಿಮೂರು ವರ್ಷವೂ ಲವಂಗ ಅಗಿದೇ ಕರ್ತನ ಬಟ್ಟಲು ಹಿಡಿದಿದ್ದೆ ಎಂದು ಅವನು ಅಂದೂ ಹೇಳಲಿಲ್ಲ, ಮುಂದೂ ಹೇಳಲಿಲ್ಲ.