ಒಂದು ಲಕ್ಷ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು

"ಸಾಕು ಬಿಡವ್ವಾ," ಎಂದಳು ಹುಡುಗನ ತಾಯಿ ಭಾಗಮ್ಮ. ಹಾಡಿನ್ನೂ ಎರಡನೇ ಸಾಲಿನಲ್ಲಿತ್ತು.

ಗುರುದೇವಿಗೆ ಅಳುವೇ ಬಂತು. ದನಿ ಎಂಬುದನ್ನು ದೇವರು ಅವಳಿಗೆ ಕೊಡಲು ಮರೆತಿದ್ದ. ಚಿತ್ತಾಪುರಕ್ಕೆ ಕನ್ಯಾ ನೋಡಲು ಬಂದವರೆಲ್ಲ ಹಾಡು ಕೇಳದೆ ಏಳುವುದಿಲ್ಲ. ಕೇಳಿದ ಮೇಲೆ "ಹೇಳಿ ಕಳಸ್ತೀವಿ" ಎಂದು ಹೋದವರು ಹೇಳಿ ಕಳಿಸುವುದೂ ಇಲ್ಲ. ಅವರು ಹೋದರೆ ಹೋಗಲಿ ಅನ್ನಿಸಿತ್ತು. ಆದರೆ ಈ ಸಲ ಬಂದ ಹುಡುಗ, ವಾಡಿ ಸ್ಟೇಷನ್ನಿನ ಗುಮಾಸ್ತ ನಾಗೇಂದ್ರಪ್ಪ, ಬಾಗಿಲ ಸಂದಿಯಿಂದ ನೋಡಿದಾಗಲೇ ಅವಳಿಗೆ ಹಿಡಿಸಿಬಿಟ್ಟಿದ್ದ.

ಸೋದರತ್ತೆ ಲಲಿತಾಬಾಯಿ ಅಷ್ಟಕ್ಕೆಲ್ಲ ಕೈಚೆಲ್ಲುವವಳಲ್ಲ. "ಹಾಡು ಬಿಡ್ರಿ. ನಮ್ಮ ಹುಡುಗಿ ಲೆಕ್ಕ ಭಾಳ ಛಲೋ ಮಾಡ್ತಾಳ," ಎಂದು ಸೀಮೆಸುಣ್ಣ ತಂದು ಕೊಟ್ಟೇಬಿಟ್ಟಳು.

ಗುರುದೇವಿ ತಲೆ ತಗ್ಗಿಸಿಕೊಂಡೇ ನೆಲಕ್ಕೆ ಹಾಸಿದ ಶಹಾಬಾದಿ ಫರಸಿಕಲ್ಲಿನ ಮೇಲೆ ಬರೆದಳು: ೧೪೨೮೫೭. ಒಂದು ಮಧ್ಯಾಹ್ನ ಒಂದನ್ನು ಏಳರಿಂದ ಭಾಗಿಸುತ್ತ ಕುಳಿತಾಗ ಸಿಕ್ಕ ಸಂಖ್ಯೆ ಅದು. ಭಾಗಾಕಾರ ಮುಗಿಯಲೇ ಇಲ್ಲ, ಈ ಆರು ಅಂಕಿಗಳೇ ತಿರುತಿರುಗಿ ಬರುತ್ತಿದ್ದವು. ಅವಳು ಅತ್ತೆಯ ಕಿವಿಯಲ್ಲಿ ಏನೋ ಉಸುರಿದಳು. "ಎರಡರಿಂದ ಆರರ ತನಕ ಯಾವುದರಿಂದಾದ್ರೂ ಗುಣಿಸ್ರಿ ಅಂತಾಳ," ಎಂದು ಅತ್ತೆ ಸಾರಿದಳು.

ಹುಡುಗನ ಅಪ್ಪ ಗುರುಲಿಂಗಪ್ಪ ಉರ್ದು ಸಾಲಿಯಲ್ಲಿ ಕಲಿತವನು. ನಿಜಾಮರ ರಾಜ್ಯ ಹೋದರೂ ಮಗ್ಗಿ ನಾಲಿಗೆ ಬಿಟ್ಟು ಹೋಗಿರಲಿಲ್ಲ. "ಸಾತ್ ತಿಯಾ ಇಕ್ಕೀಸ್..." ಏಳು ಮೂರಲೆ ಇಪ್ಪತ್ತೊಂದು ಎಂದು ಉರ್ದುವಿನಲ್ಲೇ ಹೇಳುತ್ತ ಮೂರರಿಂದ ಗುಣಿಸಿದ. ೪೨೮೫೭೧. ಐದರಿಂದ ಗುಣಿಸಿದ. ೭೧೪೨೮೫.

ಓದು ಬಾರದ ಭಾಗಮ್ಮ ಬಗ್ಗಿ ನೋಡಿದಳು. "ಅಯ್ಯ, ಅವೇ ಆರು ಅವ ನೋಡ್ರಿ! ಮುಂದಿನವು ಎದ್ದು ಹಿಂದ ಹೋಗಿ ಕುಂತಾವ."

ನಾಗೇಂದ್ರಪ್ಪನಿಗೆ ತಡೆಯಲಾಗಲಿಲ್ಲ. ಸುಣ್ಣ ಇಸಿದುಕೊಂಡು ಏಳರಿಂದ ಗುಣಿಸಿದ. ಸಾಲಾಗಿ ಆರು ಒಂಬತ್ತುಗಳು ಬಂದವು, ಎಲ್ಲರೂ ನಕ್ಕರು. ಎಂಟರಿಂದ ಗುಣಿಸಿದ: ೧೧೪೨೮೫೬.

"ಇಲ್ಲಿ ಕೆಡ್ತು ನೋಡ್ರಿ," ಎಂದ ಸಪ್ಪಗೆ.

"ಎಲ್ಲಿ ಕೆಡ್ತದ?" ಗುರುದೇವಿ ತಲೆ ಎತ್ತಿಯೇಬಿಟ್ಟಳು. "ಮುಂದಿನ ಒಂದು ತೆಗೆದು ಹಿಂದಿನ ಆರಕ್ಕ ಕೂಡಿಸ್ರಿ!"

ನೋಡಲು ಬಂದ ಹುಡುಗನೊಡನೆ ಕನ್ಯೆ ನೇರ ಮಾತಾಡುವುದುಂಟೆ? ಅತ್ತೆ ತೊಡೆ ಚಿವುಟಿದಳು. ಎಲ್ಲ ಕೆಡಿಸಿಕೊಂಡೆ ಎಂದು ಗುರುದೇವಿ ಮತ್ತೆ ತಲೆ ತಗ್ಗಿಸಿದಳು. ನಾಗೇಂದ್ರಪ್ಪನಿಗೆ ಮಾತ್ರ ಇದರ ಪರಿವೆಯೇ ಇರಲಿಲ್ಲ. ಮುಂದಿನ ಒಂದನ್ನು ಬೆರಳಿನಿಂದ ಒರೆಸಿದ, ಆರನ್ನು ಏಳು ಮಾಡಿದ, ಬಾಯಿ ತೆರೆದುಕೊಂಡು ಕುಳಿತ. ೧೪೨೮೫೭.

"ತಿರುಗಿ ತನ್ನ ಮನಿಗೇ ಬಂತಲ್ರಿ!" ಭಾಗಮ್ಮ ಗಂಡನನ್ನು ನೋಡಿದಳು, ಮಗನನ್ನು ನೋಡಿದಳು, ನಕ್ಕುಬಿಟ್ಟಳು. "ಹಾಡು ನಾನೇ ಹಾಡ್ಕೋತೀನಿ. ಉಡಿ ಒಡ್ಡವ್ವಾ, ಸೊಸಿ."

ಉಡಿ ತುಂಬಿದ್ದಾಯಿತು. "ಬಂಡಿ ಹೂಡ್ಯಾರ, ಏಳೋ," ಎಂದು ಅಪ್ಪ ಕರೆಯುತ್ತಲೇ ಇದ್ದ. ಹುಡುಗ ಮೊಣಕಾಲೂರಿ ಒಂಬತ್ತರಿಂದ ಗುಣಿಸುತ್ತಿದ್ದ.

ಆ ಅವಸರದಲ್ಲಿ ಅವನು ಒಂದು ಕಡೆ ತಪ್ಪಿದ್ದ. ಮರುದಿನ ಗುರುದೇವಿ ಅದನ್ನು ಕಂಡಳು, ತಿದ್ದಲಿಲ್ಲ. ಅವನು ಬರೆದಿದ್ದ ಆ ಒಂದು ಫರಸಿ ಬಿಟ್ಟು ಉಳಿದ ನೆಲವನ್ನೆಲ್ಲ ಒರೆಸಿದಳು.