ಮೋಡ ಹಾಕದ ತಿದ್ದುಪಡಿ

"ಮೊನ್ನೆಯವರೆಗೆ ಆಗ್ಲಿಕ್ಕೇ ಇಲ್ಲ ಅಂತ ಹಟ ಹಿಡಿದು ಕೂತಿದ್ದ ಜನ ಮಾರಾಯ್ರೆ, ಈಗ ನೋಡಿ, ಎದ್ದು ಹೋಗಿ ಆಚೆ ಬೆಂಚಲ್ಲಿ ಕೂತಿದ್ದಾರೆ. ಅದಕ್ಕೆ ಚಪ್ಪಾಳೆ ಬೇರೆ!" ಎಂದು ತನಿಯಪ್ಪ ತನ್ನ ಫೋನನ್ನು ನೊರ್ಬರ್ಟನ ಮೂಗಿನ ಹತ್ತಿರ ಹಿಡಿದ.

ನೊರ್ಬರ್ಟ್ ಕನ್ನಡಕ ಸರಿಮಾಡಿಕೊಂಡು ನೋಡಿದ ಹಾಗೆ ಮಾಡಿದ. ಆ ವೀಡಿಯೊವನ್ನು ಅವನು ನಿನ್ನೆಯಿಂದ ಹನ್ನೊಂದು ಸಲ ನೋಡಿಯಾಗಿತ್ತು.

ಕುವೈತಿನ ಫಿಂಟಾಸಿನಲ್ಲಿ ನೊರ್ಬರ್ಟನ ನಾಲ್ಕನೇ ಮಾಳಿಗೆಯ ಫ್ಲ್ಯಾಟಿಗೆ ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ತನಿಯಪ್ಪ ಬರುವುದು ಇಪ್ಪತ್ತೈದು ವರ್ಷದ ರೂಢಿ. ಕೊಲ್ಲಿ ಯುದ್ಧ ಮುಗಿದ ಮರುವರ್ಷ ಒಂದೇ ವಿಮಾನದಲ್ಲಿ ಪಕ್ಕಪಕ್ಕದ ಸೀಟಲ್ಲಿ ಕುವೈತಿಗೆ ಬಂದಿಳಿದವರು ಇಬ್ಬರೂ. ತನಿಯಪ್ಪ ಹೆಜಮಾಡಿಯವ, ನೊರ್ಬರ್ಟ್ ಶಿರ್ವದವ; ತುಳುವಿನಲ್ಲಿ ಕ್ರಿಶ್ಚಿಯನರನ್ನು ಕರೆಯುವ ಹಾಗೆ ತನಿಯಪ್ಪನಿಗೆ ಅವನು 'ಪೊರ್ಬುಳೆ'. ತನಿಯಪ್ಪ ಅಬು ಹಲೀಫಾದ ಒಂದು ಹೋಟೆಲಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಬರುವಾಗ ಕೈಯಲ್ಲಿ ಬಿಸಿ ಬನ್ಸಿನ ಪೊಟ್ಟಣ, ಬಾಯಲ್ಲಿ ವಾರದ ಸುದ್ದಿ, ಎರಡೂ ತಪ್ಪಿದ್ದಿಲ್ಲ. ಎರಡು ಸಾವಿರದ ಹದಿನೇಳರ ಡಿಸೆಂಬರಿನ ಆ ವಾರದ ಸುದ್ದಿ ಆಸ್ಟ್ರೇಲಿಯಾದ್ದು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದು ಅಂತ, ಜನರ ಅಭಿಪ್ರಾಯ ಕೇಳಿಕೊಂಡ ಮೇಲೆ, ಅಲ್ಲಿಯ ಪಾರ್ಲಿಮೆಂಟು ನಿನ್ನೆಯಷ್ಟೇ ಕಾನೂನು ಪಾಸು ಮಾಡಿತ್ತು.

"ಇದೇ ಜನ ಹದಿಮೂರು ವರ್ಷದ ಹಿಂದೆ ಗಂಡು ಹೆಣ್ಣಿನದ್ದು ಮಾತ್ರ ಮದುವೆ ಅಂತ ಕಾನೂನು ಮಾಡಿದ್ದಂತೆ ಪೊರ್ಬುಳೆ. ಪೇಪರಲ್ಲಿ ಉಂಟು. ಆವತ್ತು ಆಚೆ ಪಾರ್ಟಿ ಈಚೆ ಪಾರ್ಟಿ ಎರಡೂ ಸೇರಿ ಕೈಯೆತ್ತಿದ್ದು. ಈವತ್ತೂ ಎರಡೂ ಸೇರಿಯೇ ಕೈಯೆತ್ತಿದ್ದು. ಕೈಗೆ ನೋವಾಗುದಿಲ್ವಾ ಇವರಿಗೆ?"

ಬೇರೆ ಶುಕ್ರವಾರವಾಗಿದ್ದರೆ ಈ ಮಾತಿಗೆ ನೊರ್ಬರ್ಟ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇವತ್ತು ಬನ್ಸನ್ನು ನಾಲ್ಕು ತುಂಡು ಮಾಡಿದ, ಎಂಟು ಮಾಡಿದ, ಬಾಯಿಗೆ ಒಂದನ್ನೂ ಹಾಕಲಿಲ್ಲ.

"ನಮ್ಮ ಊರಿನವರು ಇವರಿಗಿಂತ ಬುದ್ಧಿವಂತರು," ತನಿಯಪ್ಪನ ಮಾತು ನಿಂತಿರಲಿಲ್ಲ. "ಎಲ್ಲ ಕೋರ್ಟಿನ ತಲೆ ಮೇಲೆ ಹಾಕಿ ಕೂತಿದ್ದಾರೆ. ಕೋರ್ಟು ಹೌದಂದ್ರೆ ನಾವೂ ಹೌದು, ಅಲ್ಲಂದ್ರೆ ನಾವೂ ಅಲ್ಲ. ಎಂಥ ಪೊರ್ಬುಳೆ, ಹುಷಾರಿಲ್ವಾ?"

ಅಡುಗೆಮನೆಯಿಂದ ನೊರ್ಬರ್ಟನ ಹೆಂಡತಿ ಜೂಲಿಯಾನಾ ಚಹಾದ ಟ್ರೇ ಹಿಡಿದು ಬಂದಳು. ಜಾಬ್ರಿಯಾದ ಕ್ಲಿನಿಕ್ಕೊಂದರಲ್ಲಿ ಇಪ್ಪತ್ತು ವರ್ಷ ನರ್ಸಾಗಿ ದುಡಿದವಳು. ಕೆಟ್ಟ ಸುದ್ದಿಯನ್ನೂ ಒಳ್ಳೆಯ ಸುದ್ದಿಯನ್ನೂ ಒಂದೇ ದನಿಯಲ್ಲಿ ಹೇಳುವುದು ಅವಳಿಗೆ ಅಭ್ಯಾಸ.

"ತನಿಯಣ್ಣ, ನಮ್ಮ ನೈಜೆಲ್‌ಗೆ ಮದುವೆ. ಜನವರಿ ಇಪ್ಪತ್ತಕ್ಕೆ, ಮೆಲ್ಬರ್ನಿನಲ್ಲಿ. ಈ ಕಾನೂನಿಗೇ ಕಾದದ್ದು ಅವರು. ಹುಡುಗನ ಹೆಸರು ರಾನ್ಸನ್. ಉದ್ಯಾವರದವನೇ."

ತನಿಯಪ್ಪ ಬಾಯಿಗೆ ಒಯ್ದ ಲೋಟವನ್ನು ಹಾಗೆಯೇ ಕೆಳಗಿಟ್ಟ. ಗೆಳೆಯನ ಮಗನಾದ ಈ ನೈಜೆಲ್‌ನನ್ನು ಅವನು ಎತ್ತಿ ಆಡಿಸಿದವ. ಇಂಡಿಯನ್ ಸ್ಕೂಲಿನ ಬಸ್ಸು ತಪ್ಪಿದಾಗೆಲ್ಲ ತನ್ನ ಹಳೆಯ ವ್ಯಾನಿನಲ್ಲಿ ಬಿಟ್ಟುಬಂದವ.

"ಉದ್ಯಾವರದಲ್ಲಿ ಎಲ್ಲಿ?" ಎಂದು ಕೊನೆಗೆ ಕೇಳಿದ.

ಜೂಲಿಯಾನಾಗೆ ನಗು ಬಂತು. "ಅದನ್ನೇ ಕೇಳಿದ್ದು ನಾನೂ. ಇಗರ್ಜಿ ಹತ್ತಿರವಂತೆ. ಕೊಂಕಣಿ ಚೆನ್ನಾಗಿ ಮಾತಾಡ್ತಾನೆ. ನಮ್ಮವನಿಗಿಂತ ಚೆನ್ನಾಗಿ."

"ಮತ್ತೆ ನೀವಿಬ್ಬರೂ ಹೋಗ್ತೀರಿ ತಾನೇ?"

ಜೂಲಿಯಾನಾ ಗಂಡನ ಮುಖ ನೋಡಿದಳು. ನೊರ್ಬರ್ಟ್ ಬನ್ಸಿನ ತುಂಡುಗಳನ್ನು ನೋಡಿದ. ಅವನಿಗೆ ಹೋಗಬೇಕೆಂದು ಇತ್ತು. ಎಷ್ಟು ಇತ್ತೆಂದರೆ, ಮೆಲ್ಬರ್ನಿನ ವಿಮಾನ ದುಬೈಯಿಂದ ಎಷ್ಟು ಗಂಟೆಗೆ ಹೊರಡುತ್ತದೆ ಎಂಬುದು ಸಹ ಗೊತ್ತಿತ್ತು. ಆದರೆ ಅವನನ್ನು ಕರೆದಿರಲಿಲ್ಲ.

ಯಾಕೆ ಕರೆದಿರಲಿಲ್ಲ ಎನ್ನುವುದಕ್ಕೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. ಆ ವರ್ಷ ನೊರ್ಬರ್ಟ್ ಇಲ್ಲಿಯ ಕರಾವಳಿ ಸಂಘದ ಅಧ್ಯಕ್ಷ. ದಿಲ್ಲಿಯ ಸುಪ್ರೀಂ ಕೋರ್ಟು ಇಂಥ ಸಂಬಂಧ ಅಪರಾಧವೇ ಎಂದು ತೀರ್ಪು ಕೊಟ್ಟು ಹತ್ತು ದಿನ ಆಗಿರಲಿಲ್ಲ, ಸಂಘದ ಕ್ರಿಸ್ಮಸ್ ಕಾರ್ಯಕ್ರಮ ಬಂತು. ಅಧ್ಯಕ್ಷರ ಭಾಷಣವನ್ನು ನೊರ್ಬರ್ಟ್ ಯಾವತ್ತೂ ಪೇಪರಿನಿಂದ ಒಂದೊಂದು ಸಾಲು ಹೆಕ್ಕಿ ಜೋಡಿಸುವವನು. ಆ ದಿನವೂ ಹಾಗೆಯೇ ಜೋಡಿಸಿದ್ದ. ಆದರೆ ಒಂದು ಸಾಲು ಮಾತ್ರ, ಮೈಕು ಕೈಗೆ ಬಂದ ಹುಮ್ಮಸ್ಸಿನಲ್ಲಿ, ಅವನದ್ದೇ ಬಾಯಿಂದ ಬಂದದ್ದು. "ನನ್ನ ಮನೆಯಲ್ಲಿ ಇಂಥವನೊಬ್ಬ ಹುಟ್ಟಿದ್ದರೆ ಅವತ್ತೇ ಬಾಗಿಲು ತೋರಿಸುತ್ತಿದ್ದೆ!" ಮುನ್ನೂರು ಜನ ಚಪ್ಪಾಳೆ ತಟ್ಟಿದರು. ರಜೆಗೆಂದು ಮೆಲ್ಬರ್ನಿನಿಂದ ಬಂದಿದ್ದ ನೈಜೆಲ್ ಮೂರನೇ ಸಾಲಿನಲ್ಲಿ ಕೂತಿದ್ದ.

ಅವನು ವಾಪಸು ಹೋಗಿ ನಾಲ್ಕು ತಿಂಗಳ ಮೇಲೆ ತಾಯಿಗೆ ಫೋನ್ ಮಾಡಿ ವಿಷಯ ಹೇಳಿದ. ಅಪ್ಪನಿಗೆ ಹೇಳಲಿಲ್ಲ. ಅಪ್ಪನಿಗೆ ತಾಯಿಯಿಂದ ಗೊತ್ತಾಯಿತು. ಆಮೇಲೆ ಅಪ್ಪ ಮಗ ಫೋನಿನಲ್ಲಿ ಮಾತಾಡುವುದು ಅಲ್ಲಿಯ ಚಳಿ ಮತ್ತು ಇಲ್ಲಿಯ ಸೆಕೆ, ಅಷ್ಟೇ. ಬೈಗಳಿಲ್ಲ, ಜಗಳವಿಲ್ಲ. ನೊರ್ಬರ್ಟ್ ಒಳಗೊಳಗೇ ಬದಲಾದ. ಹೇಗೆ ಬದಲಾದ ಎಂದು ಕೇಳಿದರೆ ಅವನಿಗೇ ಗೊತ್ತಿಲ್ಲ. ಕೂದಲು ಬೆಳ್ಳಗಾದ ಹಾಗೆ.

"ಆ ಕ್ರಿಸ್ಮಸ್ ಭಾಷಣದ ದಿನ," ತನಿಯಪ್ಪನಿಗೂ ಅದೇ ನೆನಪಾಗಿತ್ತು, "ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಾನು. ಎದುರಿನ ಸಾಲಲ್ಲೇ ಇದ್ದೆ. ಶಿಳ್ಳೆ ಸಹ ಹಾಕಿದೆ ಅಂತ ಕಾಣ್ತದೆ."

"ಹಾಕಿದ್ದೀರಿ," ಎಂದಳು ಜೂಲಿಯಾನಾ. "ಸಂಘದ ವೀಡಿಯೊದಲ್ಲಿ ಕೇಳ್ತದೆ."

"ಈಗ ಎಂಥ ಮಾಡುದು?"

"ಇವರು ಮಾಡಿ ಆಗಿದೆ. ನಿನ್ನೆ ಮಗನಿಗೊಂದು ಈಮೇಲ್ ಬರೆದಿದ್ದಾರೆ. ಓದಿ ಹೇಳ್ಲಾ?"

"ಜೂಲಿ, ಬೇಡ," ಎಂದ ನೊರ್ಬರ್ಟ್.

ಅವಳು ಓದಿಯೇ ಬಿಟ್ಟಳು. ಒಳ್ಳೆಯ ಗಟ್ಟಿ ಇಂಗ್ಲಿಷು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: 'ಬದಲಾದ ಸಂದರ್ಭಗಳನ್ನು ಗಮನಿಸಿ, ಜನರು ಕೊಟ್ಟಿರುವ ಸ್ಪಷ್ಟ ತೀರ್ಪನ್ನು ಗೌರವಿಸಿ, ಈ ವಿಷಯದಲ್ಲಿ ನನ್ನ ನಿಲುವನ್ನು ಮರುಪರಿಶೀಲಿಸಿದ್ದೇನೆ. ಎಲ್ಲ ಕಡೆಯವರ ಭಾವನೆಗಳ ಬಗ್ಗೆಯೂ ನನಗೆ ಗೌರವವಿದೆ. ಈಗ ನಾವೆಲ್ಲರೂ ಮುಂದೆ ಸಾಗುವ ಸಮಯ.'

ತನಿಯಪ್ಪ ವೀಡಿಯೊ ಇದ್ದ ತನ್ನ ಫೋನಿನ ಕಡೆ ನೋಡಿದ, ನೊರ್ಬರ್ಟನ ಕಡೆ ನೋಡಿದ. "ಪೊರ್ಬುಳೆ! ಇದು ಇವರದ್ದೇ ಅಲ್ವಾ? ಈ ಬೆಂಚು ಬದಲಿಸಿದವರದ್ದು?"

ಹೌದು, ಅವರದ್ದೇ. ತಪ್ಪು ಒಪ್ಪದೆ ಮಾತು ಬದಲಿಸುವುದು ಹೇಗೆಂದು ಅವರಿಗೆ ಗೊತ್ತಿತ್ತು, ನೊರ್ಬರ್ಟನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಂದ ಕಲಿಯಬೇಕಲ್ಲ? ಒಂದು ನೋಟ್‌ಬುಕ್ ಇಟ್ಟುಕೊಂಡು, ವೀಡಿಯೊ ನಿಲ್ಲಿಸಿ ನಿಲ್ಲಿಸಿ, ಚಂದ ಕಂಡ ಸಾಲುಗಳನ್ನೆಲ್ಲ ಬರೆದುಕೊಂಡಿದ್ದ.

"ಉತ್ತರ ಬಂತಾ?"

"ಬೆಳಗ್ಗೆ ಬಂತು. ಎರಡೇ ಸಾಲು." ಜೂಲಿಯಾನಾ ಅದನ್ನೂ ಓದಿದಳು, ಈಗ ನಗಲಿಲ್ಲ. "ಡ್ಯಾಡಿ, ಇದು ಯಾವ ಪಾರ್ಲಿಮೆಂಟ್ ಮೆಂಬರಿನ ಭಾಷಣ? ಮಮ್ಮಿಗೆ ಟಿಕೆಟ್ ಕಳಿಸ್ತೇನೆ."

ಮಮ್ಮಿಗೆ. ಟಿಕೆಟ್ ಅವಳೊಬ್ಬಳಿಗೇ. ಉತ್ತರ ಹೀಗೇ ಬರುತ್ತದೆಂದು ನೊರ್ಬರ್ಟನಿಗೆ ರಾತ್ರಿಯೇ ಗೊತ್ತಾಗಿತ್ತು.

"ಫೋನ್ ಮಾಡಿ," ಎಂದ ತನಿಯಪ್ಪ. "ಅಲ್ಲಿ ಈಗ ಸಂಜೆ ಅಲ್ವಾ? ಮಾಡಿ ಪೊರ್ಬುಳೆ. ಯಲ್ಲಾ, ಬೇಗ!"

"ಮಾಡಿ ಎಂಥ ಹೇಳುದು?"

"ಅದು ನನಗೆ ಗೊತ್ತಿದ್ರೆ ನಾನು ಇಲೆಕ್ಷನಿಗೆ ನಿಲ್ತಿದ್ದೆ."

ಜೂಲಿಯಾನಾ ಯಾರ ಅಪ್ಪಣೆಗೂ ಕಾಯಲಿಲ್ಲ. ನಂಬರು ಒತ್ತಿ ಸ್ಪೀಕರ್ ಹಾಕಿ ಫೋನನ್ನು ಟ್ರೇಯ ಪಕ್ಕ ಇಟ್ಟಳು. ತನಿಯಪ್ಪ ಎದ್ದು ಬಾಲ್ಕನಿಗೆ ಹೋಗಬೇಕೋ ಕೂತಿರಬೇಕೋ ಗೊತ್ತಾಗದೆ ಅರ್ಧ ಎದ್ದು ಅಲ್ಲೇ ಉಳಿದ.

"ಹಲೋ ಮಮ್ಮಿ."

"ಡ್ಯಾಡಿ ಇದ್ದಾರೆ," ಎಂದು ಅವಳು ಫೋನನ್ನು ಗಂಡನ ಕಡೆ ಸರಿಸಿದಳು.

"ಹಲೋ ನೈಜೆಲ್. ಅಲ್ಲಿ... ಅಲ್ಲಿ ಬಿಸಿಲುಂಟಾ?"

"ಉಂಟು ಡ್ಯಾಡಿ. ಮೂವತ್ತು ಡಿಗ್ರಿ." ಆಮೇಲೆ ನೈಜೆಲ್ ಇಂಗ್ಲಿಷಿಗೆ ಹೊರಳಿಕೊಂಡ. ಕಷ್ಟದ ಮಾತಿಗೆ ಅವನಿಗೆ ಇಂಗ್ಲಿಷೇ ಬೇಕು. "ನಿಮ್ಮ ಈಮೇಲ್ ಓದಿದೆ. ನೀವು ಬರುತ್ತೀರೆಂದು ಅರ್ಥವೋ, ಬರುವುದಿಲ್ಲವೆಂದು ಅರ್ಥವೋ, ನನಗೂ ರಾನ್ಸನ್‌ಗೂ ಗೊತ್ತಾಗಲಿಲ್ಲ. ಎರಡು ಸಲ ಓದಿದೆವು."

"ಬರಬೇಕು ಅಂತ ಉಂಟು."

"ಡ್ಯಾಡಿ, ನಿಮ್ಮ ಆಫೀಸಿನಲ್ಲಿ ಯಾರಾದರೂ ಮೋಡ ಹಾಕದೆ ಡ್ರಾಯಿಂಗ್ ತಂದರೆ ಏನು ಮಾಡುತ್ತೀರಿ?"

ತನಿಯಪ್ಪನಿಗೆ ಈ ಮೋಡದ ಮಾತು ಅರ್ಥವಾಗಲಿಲ್ಲ. ಆ ಮನೆಯಲ್ಲಿ ಬೆಳೆದವರಿಗೆ ಮಾತ್ರ ಅರ್ಥವಾಗುವ ಮಾತು ಅದು. ನೊರ್ಬರ್ಟ್ ಎಣ್ಣೆ ಕಂಪನಿಯ ಒಬ್ಬ ಕಂಟ್ರಾಕ್ಟರನ ಆಫೀಸಿನಲ್ಲಿ ನಕ್ಷೆಗಳ ವಿಭಾಗ ನೋಡಿಕೊಳ್ಳುವವನು. ಪೈಪು ಹೋಗುವ ದಾರಿಯನ್ನು ಇಂಜಿನಿಯರು ಒಂದಂಗುಲ ಬದಲಿಸಿದರೂ, ಬದಲಾದ ಜಾಗದ ಸುತ್ತ ಅಂಕುಡೊಂಕಾದ ಗೆರೆಯೊಂದನ್ನು ಮೋಡದ ಹಾಗೆ ಎಳೆಯಬೇಕು. ಮೂಲೆಯ ಚೌಕದಲ್ಲಿ ಮೊದಲು ಏನಿತ್ತು, ಈಗ ಏನು, ಯಾರು ಬದಲಿಸಿದ್ದು ಎಂದು ಬರೆಯಬೇಕು. ಅದಿಲ್ಲದೆ ಬಂದ ನಕ್ಷೆಗೆ ನೊರ್ಬರ್ಟ್ ಸೀಲು ಹಾಕುವುದಿಲ್ಲ. ಒಮ್ಮೆ ಬ್ರಿಟಿಷ್ ಮ್ಯಾನೇಜರನ ನಕ್ಷೆಯನ್ನೇ ವಾಪಸು ಕಳಿಸಿದ್ದ ಕತೆಯನ್ನು ಊಟದ ಮೇಜಿನಲ್ಲಿ ನೂರು ಸಲ ಹೇಳಿದ್ದಾನೆ.

"ವಾಪಸು ಕಳಿಸ್ತೇನೆ," ಎಂದ ಮೆಲ್ಲಗೆ.

"ಯಾಕೆ?"

"ಯಾಕೆಂದರೆ... ಸೈಟಿನಲ್ಲಿ ಒಬ್ಬನ ಕೈಯಲ್ಲಿ ಹಳೆಯ ಹಾಳೆ ಇರ್ತದೆ. ಬದಲಾದದ್ದು ಅವನಿಗೆ ಗೊತ್ತಾಗುದಿಲ್ಲ. ಅವನು ಹಳೆಯ ಜಾಗದಲ್ಲೇ ಪೈಪು ಕತ್ತರಿಸ್ತಾನೆ."

"ಆ ಹಳೆಯ ಹಾಳೆ ನನ್ನ ಕೈಯಲ್ಲಿದೆ ಡ್ಯಾಡಿ."

ಕೆಳಗೆ ರಸ್ತೆಯಲ್ಲಿ ಗ್ಯಾಸಿನ ಲಾರಿಯವನು ಸಿಲಿಂಡರಿಗೆ ಬಡಿಯುತ್ತ ಹೋದ. ನೊರ್ಬರ್ಟ್ ನೋಟ್‌ಬುಕ್ಕಿನ ಕಡೆ ಕೈ ನೀಡಿದ. ಜೂಲಿಯಾನಾ ಅದನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಇನ್ನು ಬೇರೆ ದಾರಿಯಿರಲಿಲ್ಲ. ಅವನು ಕೊಂಕಣಿಯಲ್ಲಿ ಶುರುಮಾಡಿದ, ಶಿರ್ವದ ಮನೆಯ ಕೊಂಕಣಿಯಲ್ಲಿ.

"ಆ ದಿನ ಸ್ಟೇಜಿನಲ್ಲಿ ನಾನು ಬಾಗಿಲು ತೋರಿಸ್ತೇನೆ ಅಂದೆ. ನೀನು ಮೂರನೇ ಸಾಲಲ್ಲಿದ್ದೆ. ಪೇಪರಿನದ್ದಲ್ಲ ಅದು, ನನ್ನದೇ. ಯಾರೂ ಹೇಳಿಸಿದ್ದಲ್ಲ. ಚಪ್ಪಾಳೆ ಬೀಳ್ತದೆ ಅಂತ ಗೊತ್ತಿತ್ತು, ಹೇಳಿದೆ. ಬಿತ್ತು. ಖುಷಿಯೂ ಆಯ್ತು. ಅದು ತಪ್ಪು, ನೈಜೆಲ್. ಕಾನೂನು ಬದಲಾದ್ದರಿಂದ ತಪ್ಪಾದ್ದಲ್ಲ. ಆ ದಿನವೇ ತಪ್ಪು."

ಅರ್ಧ ಎದ್ದು ನಿಂತಿದ್ದ ತನಿಯಪ್ಪ ಕೂತ. ಕೂತವನು ಸುಮ್ಮನಿರಬೇಕಲ್ಲ? "ಶಿಳ್ಳೆ ಹಾಕಿದ್ದು ನಾನು ಮಗಾ," ಎಂದ ಫೋನಿಗೆ ಬಗ್ಗಿ. "ಅದನ್ನೂ ಸೇರಿಸ್ಕೋ."

"ತನಿಯಂಕಲ್ ಇದ್ದಾರಾ ಅಲ್ಲಿ?" ನೈಜೆಲ್ ನಕ್ಕನೋ, ಮೂಗು ಒರೆಸಿಕೊಂಡನೋ, ಸ್ಪೀಕರಿನಲ್ಲಿ ಸರಿಯಾಗಿ ತಿಳಿಯಲಿಲ್ಲ. ಆಮೇಲೆ ಅವನೂ ಕೊಂಕಣಿಗೆ ಬಂದ, ತಡವರಿಸುವ ಕೊಂಕಣಿಗೆ. "ರಾನ್ಸನ್‌ಗೆ ಹೇಳ್ತೇನೆ. ಅವನೂ ಆ ಭಾಷಣದ ವೀಡಿಯೊ ನೋಡಿದ್ದಾನೆ ಡ್ಯಾಡಿ. ಅವನಿಗೆ ಸ್ವಲ್ಪ ಸಮಯ ಬೇಕಾಗಬಹುದು. ನನಗೂ ಬೇಕು. ವೀಸಾಕ್ಕೆ ನಾಲ್ಕು ವಾರ ಹಿಡೀತದೆ. ಇವತ್ತೇ ಹಾಕಿ. ಇಬ್ಬರದ್ದೂ."

ಕುವೈತಿನಲ್ಲಿ ಕೆಲಸದ ವಾರ ಶುರುವಾಗುವ ಭಾನುವಾರ, ಆಫೀಸಿನಲ್ಲಿ ನೊರ್ಬರ್ಟ್ ರಜೆಯ ಫಾರ್ಮು ತುಂಬಿದ. ಇಷ್ಟು ವರ್ಷವೂ 'ಕಾರಣ' ಎಂಬಲ್ಲಿ 'ಸ್ವಂತ ಕೆಲಸ' ಎಂದು ಬರೆದು ಮುಗಿಸುತ್ತಿದ್ದವನು ಈ ಸಲ 'ಮಗನ ಮದುವೆ' ಎಂದು ಬರೆದ. ಕೌಂಟರಿನಲ್ಲಿದ್ದ ಈಜಿಪ್ಟಿನ ಗುಮಾಸ್ತ ಅದನ್ನು ಓದಿದವನೇ ಮದುಮಗನ ಅಪ್ಪನಿಗೆ ಶುಭಾಶಯ ಹೇಳಲು ಕುರ್ಚಿಯಿಂದ ಎದ್ದ.

"ಮಬ್ರೂಕ್! ಮಬ್ರೂಕ್ ಯಾ ಅಬು ನೈಜೆಲ್! ಇಷ್ಟು ದಿನ ಹೇಳಲೇ ಇಲ್ಲವಲ್ಲ! ಯಾರ ಮನೆಯ ಸಂಬಂಧ?"

ನೊರ್ಬರ್ಟನ ನಾಲಗೆಯ ತುದಿಗೆ ಹತ್ತು ಉತ್ತರ ಬಂದವು. ಎಲ್ಲವೂ ನಯವಾದವು, ಎಲ್ಲವೂ ಆ ಬೆಂಚು ಬದಲಿಸಿದವರು ಹೇಳಬಹುದಾದಂಥವು. ನಿಜ ಇಡೀ ಹೇಳುವ ಜಾಗವೂ ಇದಲ್ಲ. ಇಕಾಮಾ, ಅಂದರೆ ವಾಸದ ಪರವಾನಗಿ, ಇಂಥ ಸಂಬಂಧವನ್ನು ಅಪರಾಧವೆನ್ನುವ ಈ ದೇಶದ್ದು; ಮಗನ ಸುದ್ದಿ ಮಗನದ್ದು. ಹಾಗಂತ ಸುಳ್ಳು ಹೇಳಲಿಕ್ಕೂ ಮನಸ್ಸು ಬರಲಿಲ್ಲ.

"ನಮ್ಮೂರಿನ ಹತ್ತಿರದವರೇ," ಎಂದ. "ಒಳ್ಳೆಯ ಮನೆ. ಮಗನಿಗೆ ಬೇಕಾದವರು."

"ಅದೇ ಮುಖ್ಯ! ಖಲಾಸ್, ಮತ್ತೇನು ಬೇಕು!" ಗುಮಾಸ್ತ ಫಾರ್ಮಿಗೆ ಸೀಲು ಒತ್ತಿದ. ಮತ್ತೆ ಡ್ರಾಯರು ಎಳೆದು ಖರ್ಜೂರದ ಡಬ್ಬಿ ತೆಗೆದು, ಮೊದಲು ನೊರ್ಬರ್ಟನ ಕೈಗೆ ಎರಡು ಹಾಕಿ, ಹಿಂದೆ ಸಾಲಿನಲ್ಲಿದ್ದ ಬಂಗಾಳಿ ಡ್ರೈವರಿಗೆ, ಫಿಲಿಪೀನೊ ವೆಲ್ಡರಿಗೆ, ಜಗಳಗಂಟ ಪಠಾಣನಿಗೆ, ಎಲ್ಲರಿಗೂ ಒಂದೊಂದು ಹಂಚುತ್ತ ಹೋದ. ಯಾರ ಮದುವೆಯೆಂದು ಗೊತ್ತಿಲ್ಲದಿದ್ದರೂ ಅವರೆಲ್ಲ ನೊರ್ಬರ್ಟನ ಕಡೆ ತಲೆಯಾಡಿಸಿ ಬಾಯಿ ಸಿಹಿ ಮಾಡಿಕೊಂಡರು. ನೊರ್ಬರ್ಟ್ ಕೂಡ ಒಂದನ್ನು ಬಾಯಿಗೆ ಹಾಕಿದ. ತಿಂದು ಮುಗಿದ ಮೇಲೆ ಬೀಜವನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಮುಷ್ಟಿಯಲ್ಲಿ ಹಿಡಿದುಕೊಂಡು ಅಲ್ಲೇ ಪಕ್ಕಕ್ಕೆ ನಿಂತ.