ಅಕ್ಕಿಯಲ್ಲಿ ಬರೆದ ಹೆಸರು

ಕದಮ್ ಮೇಡಂ ಕೈಯಲ್ಲಿ ಸೀಮೆಸುಣ್ಣ ಕಿರ್ರೆಂದಿತು, ಬೋರ್ಡಿನ ಮೇಲೆ ಸಮಾಜ ಮತ್ತು ವ್ಯಕ್ತಿ ಅಂತ ಬರೆದಿದ್ದಾರೆ, ಇನ್ನೊಬ್ಬಳಾದ ಮೇಲೆ ಸಮೀಕ್ಷೆ ಓದುವ ಸರದಿ ನನ್ನದು, ಎದೆ ಡವಡವ ಅನ್ನುತ್ತಿದೆ, ಹೆದರಿಕೆಯೇನಿಲ್ಲ, ಖುಷಿ, ಬರೀ ಖುಷಿ — ಸಾಂಗಲಿಯ ನಮ್ಮ ಗಲ್ಲಿಯ ಮೂವತ್ತೊಂಬತ್ತು ಮನೆ ಹತ್ತಿಳಿದಿದ್ದೇನೆ, ಕೇಳಿದ್ದು ಒಂದೇ, ಕಾಕೂ, ಮದುವಿಗಿಂತ ಮೊದಲ ನಿಮ್ಮ ಹೆಸರೇನಿತ್ರಿ, ಮೂವತ್ತು ಹೆಂಗಸರ ಹೆಸರು ಬದಲಾಗಿದೆ, ಮನೆತನದ ಹೆಸರಲ್ಲ, ತೊಟ್ಟಿಲಲ್ಲಿ ಕೂಗಿದ ಹೆಸರೇ, ಮೂವತ್ತು! ತಟ್ಟೆಯಲ್ಲಿ ಅಕ್ಕಿ ಹರವುವುದು, ಮದುಮಗ ಉಂಗುರದಿಂದ ಹೊಸ ಹೆಸರು ಗೀಚುವುದು, ಎಲ್ಲರೂ ಬಗ್ಗಿ ಓದುವುದು, ಪೇಢೆ ಹಂಚುವುದು, ಎಷ್ಟು ಮದುವೆಯಲ್ಲಿ ನೋಡಿದ್ದೇನೆ, ಇನ್ನೊಂದು ಪೇಢೆ ಕೇಳಿ ತಿಂದಿದ್ದೇನೆ, ಕಣ್ಣೆದುರೇ ಇದ್ದದ್ದು ಕಾಣಲಿಲ್ಲವಲ್ಲ, ಮೂಲೆಮನೆಯ ಭೋಸಲೆ ಆಜಿ, ತಡೀ, ಬಾಯಾಗ ಐತಿ, ಹೊರಗ ಬರವಲ್ದು, ಅಂದಳು, ಆಮೇಲೆ ಬೊಚ್ಚುಬಾಯಿ ತುಂಬ ನಕ್ಕು, ನಮ್ಮಣ್ಣ ಇದ್ದಿದ್ರ ಹೇಳತಿದ್ದ, ಅವ ಹೋಗಿ ಹತ್ತು ವರ್ಷಾತು, ನಾನೂ ನಗುತ್ತಲೇ ಬರೆದುಕೊಂಡೆ, ಮೆಟ್ಟಿಲಿಳಿಯುವಾಗ ನಗು ನಿಂತಿತು — ಮತ್ತೆ ನಾನೆಂಥ ಪೆದ್ದಿ, ಮುಂದಿನ ತಿಂಗಳು ನನ್ನದೇ ಮದುವೆ, ನಿಶ್ಚಯದ ದಿನ ನೀಲೇಶನ ಆಯಿ, ನನಗೆ ಅತ್ತೆಯಾಗುವವಳು, ಶಲಾಕಾ ಅಂದ್ರ ಕಡ್ಡಿ ಅಲ್ಲೇನ, ನಮ್ಮನಿಗ್ಯಾಕ ಕಡ್ಡಿ, ಗೌರಿ ಅಂತ ಇಡೂಣು ಅಂದಾಗ, ಇಡ್ರಿ ಇಡ್ರಿ ಅಂತ ಚಪ್ಪಾಳೆ ತಟ್ಟಿದವಳು ನಾನೇ, ಯಾರೂ ಕೈ ತಿರುಚಲಿಲ್ಲ, ಯಾರೂ ಗದರಲಿಲ್ಲ, ಸಮಾಜ ಬಲವಂತ ಮಾಡಬೇಕಿಲ್ಲ, ನಾವೇ ನಗುನಗುತ್ತ ಒಪ್ಪುತ್ತೇವೆ, ಮೇಡಂ ವರ್ಷವಿಡೀ ಹೇಳಿದ್ದು ಇದನ್ನೇ ತಾನೇ, ಇವತ್ತು ಬೆಳಿಗ್ಗೆ ಫೋನಿನಲ್ಲಿ ಅಂದೇಬಿಟ್ಟೆ, ನೀಲೇಶ್, ನನ್ನ ಹೆಸರು ನನಗಿರಲಿ, ಅವನು, ಬರೇ ಒಂದು ಹೆಸರಿಗೆ ಇಷ್ಟ್ಯಾಕ ಅಂದ, ಬರೇ ಹೆಸರಾದ್ರ ನೀನ ಬದಲ ಮಾಡ್ಕೋ, ಅಯ್ಯೋ, ನಾನೇನಾ ಹಾಗೆ ಅಂದದ್ದು! ಮದುವೆ ಮುರಿದರೆ? ಮುರಿಯಲಿ, ಬೇಡ, ಮುರಿಯದಿರಲಿ, ಅವನು ಒಳ್ಳೆಯವನು — ಚೀಲದಲ್ಲಿ ಫೋನು ಗುಂಯ್‌ಗುಟ್ಟಿತು, ಬೆಂಚಿನ ಕೆಳಗೆ ಬಗ್ಗಿ ಓದುತ್ತೇನೆ, ಶಲಾಕಾ ಅಂತನ ಬರಿತೀನಿ ಮಾರಾಯ್ತಿ, ನಮ್ಮ ಆಯಿಗೆ ಮಾತ್ರ ನೀನ ಹೇಳು, ಹೇಳುತ್ತೇನಪ್ಪಾ, ಪುಕ್ಕಲ, ಹತ್ತು ಸಲ ಹೇಳುತ್ತೇನೆ, ಕುಣಿಯಬೇಕು ಅನ್ನಿಸುತ್ತಿದೆ, ಶಲಾಕಾ ಬಾರವಾ, ನಿಮ್ಮನಿಯಿಂದನ ಶುರು ಮಾಡು, ಮೇಡಂ ಕರೆಯುತ್ತಿದ್ದಾರೆ, ಎದ್ದೆ, ನಿಂತೆ, ನಮ್ಮ ಮನೆ, ನಲವತ್ತನೆಯದು, ನನ್ನ ತಾಯಿ ಈಗ ಮಂಗಲಾ, ಅದಕ್ಕೆ ಮೊದಲು — ಆ ಹೆಸರು ನಾನು ಕೇಳೇ ಇಲ್ಲ, ತವರಿನಲ್ಲೂ ಅವಳು ಎಲ್ಲರಿಗೂ ಅಕ್ಕನೇ, ಬೆಳಿಗ್ಗೆ ನಾನು ಫೋನಿಟ್ಟಾಗ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು, ಆಯಿ, ನಿಂದೇನಿತ್ತ, ಅಂದೆ, ಕಾಲೇಜಿಗೆ ಹೊತ್ತಾತು ಹೋಗ, ಅಂದಳು, ಅನ್ನುತ್ತಲೇ ಬೆರಳು ಅಕ್ಕಿಯ ಮೇಲೆ ಓಡಿತು, ಮೊದಲನೆಯ ಅಕ್ಷರ ವ, ಓದಿದೆ, ಎರಡನೆಯದಕ್ಕೆ ಬಗ್ಗುವಷ್ಟರಲ್ಲಿ ಅಂಗೈ ಬಂತು, ಒರೆಸಿತು, ಮೇಡಂ ಕಾಯುತ್ತಿದ್ದಾರೆ, ಇಡೀ ಕ್ಲಾಸು ನೋಡುತ್ತಿದೆ, ನನ್ನ ತಾಯಿಯ ಹೆಸರು ವ — ಅಂಗೈ, ಅಕ್ಕಿ, ವ —